ನನ್ನ ಬಲಗೈಗೆ ಮಂಜೂರಾದ ಹನ್ನೆರಡು ಅವಧಿಗಳು

ಪುನರ್ವಸತಿ ಸೇವೆಗಳ ಮಂಜೂರಾತಿ ಅಧಿಕಾರಿಗಳಿಗೆ, ಎಲ್ಲರೂ ಓದಲೆಂದೇ ಬರೆದದ್ದು

ಮಾನ್ಯರೇ,

ನನ್ನ ಬಲಗೈಗೆ ಹನ್ನೆರಡು ಅವಧಿಗಳ ಆಕ್ಯುಪೇಷನಲ್ ಥೆರಪಿ ಮಂಜೂರು ಮಾಡಿರುವ ತಮ್ಮ ಆದೇಶ ಕೈಸೇರಿತು. ಬಲಗೈಗೇ ಸೇರಿತು. ತಮ್ಮ ಔದಾರ್ಯಕ್ಕೆ ಏನೆಂದು ಹೇಳಲಿ? ಆ ಕೈಗೆ ಏನೂ ಆಗಿಲ್ಲ. ಇಪ್ಪತ್ತೆರಡು ವರ್ಷದಿಂದ ಅದೇ ಕೈಯಲ್ಲಿ ಕತ್ತರಿ ಹಿಡಿದು ಬಟ್ಟೆ ಹೊಲಿಯುತ್ತಿದ್ದೇನೆ. ಅದೇ ಲಕೋಟೆಯೊಳಗಿದ್ದ ಇನ್ನೊಂದು ಆದೇಶದಲ್ಲಿ, ಥೆರಪಿ ನಿಜಕ್ಕೂ ಬೇಕಾಗಿರುವ ನನ್ನ ಎಂಟು ವರ್ಷದ ಮಗಳ ಹನ್ನೆರಡು ಅವಧಿಗಳನ್ನು ತಾವು ಮತ್ತೆ ತಡೆಹಿಡಿದಿದ್ದೀರಿ. ಈ ತಿಂಗಳ ಕೊನೆಯೊಳಗೆ ಸರಿಪಡಿಸದಿದ್ದರೆ ಅವಳ ಕಡತ ಮುಚ್ಚುತ್ತದೆ, ಅವಳ ಜಾಗ ಬೇರೆಯವರಿಗೆ ಹೋಗುತ್ತದೆ ಎಂದೂ ಕೆಳಗೆ ಸಣ್ಣ ಅಕ್ಷರದಲ್ಲಿ ಬರೆಸಿದ್ದೀರಿ. ಒಂದೇ ಮನೆಗೆ ಒಂದು ಕೈಯಲ್ಲಿ ಕೊಟ್ಟು ಇನ್ನೊಂದು ಕೈಯಲ್ಲಿ ಕಿತ್ತುಕೊಳ್ಳುವ ಈ ಕೈಚಳಕ ಯಾವ ಥೆರಪಿಯಿಂದ ಬಂತು ಎಂದು ತಿಳಿಯುವ ಕುತೂಹಲ ನನಗಿದೆ.

ಮೊದಲು ನಮ್ಮ ಪರಿಚಯ. ನಾನು ಟೈಲರ್. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ನನ್ನ ಅಂಗಡಿ, ಅದರ ಮೇಲೇ ಮನೆ. ಹೆಂಡತಿ ಔಷಧಿ ಅಂಗಡಿಯೊಂದರಲ್ಲಿ ಕೆಲಸ ಮಾಡುತ್ತಾಳೆ. ನನ್ನ ತಾಯಿ ಮನೆಯಲ್ಲಿರುತ್ತಾರೆ. ದಿನದ ಬಹುಭಾಗ ತಮ್ಮ ಕನ್ನಡಕ ಹುಡುಕುವುದೇ ಅವರ ಕೆಲಸ. ಮಗಳನ್ನು ಮನೆಯಲ್ಲಿ ಚೂಟಿ ಎಂದು ಕರೆಯುತ್ತೇವೆ. ಹುಟ್ಟುವಾಗ ಆದ ತೊಂದರೆಯಿಂದ ಅವಳಿಗೆ ಸೆರೆಬ್ರಲ್ ಪಾಲ್ಸಿ ಇದೆ. ಎಡಗೈ ಎಡಗಾಲು ಬಿಗಿ. ಎಡಗೈಯ ಹೆಬ್ಬೆರಳು ಸದಾ ಅಂಗೈಯೊಳಗೆ ಮುದುಡಿಕೊಂಡಿರುತ್ತದೆ. ನಾಲಿಗೆಗೆ ಮಾತ್ರ ಯಾವ ಬಿಗಿಯೂ ಇಲ್ಲ, ಇದ್ದಿದ್ದರೆ ಮನೆಯಲ್ಲಿ ನಮಗೂ ಮಾತಾಡಲು ಅವಕಾಶ ಸಿಗುತ್ತಿತ್ತು.

ಎರಡು ವರ್ಷದಿಂದ ಅವಳು ತಮ್ಮ ಕೇಂದ್ರದ ಥೆರಪಿ ಟೀಚರ ಬಳಿ ಹೋಗುತ್ತಿದ್ದಾಳೆ. ಆ ಕೋಣೆಯನ್ನು ತಾವು ಒಮ್ಮೆ ತಪಾಸಣೆ ಮಾಡಿದ್ದೀರಿ. ಅದರ ವರದಿ ನಮ್ಮ ಕಡತದಲ್ಲಿದೆ, ನಾನು ಓದಿದ್ದೇನೆ: "ತಪಾಸಣೆಯ ವೇಳೆ ಚಿಕಿತ್ಸಕಿ ಹಾಗೂ ಫಲಾನುಭವಿ ಜೇಡಿಮಣ್ಣಿನಲ್ಲಿ ಆಟವಾಡುತ್ತಿರುವುದು ಕಂಡುಬಂದಿರುತ್ತದೆ. ಕಾಲಹರಣ ತಪ್ಪಿಸುವುದು." ಮಾನ್ಯರೇ, ಎಂಟು ವರ್ಷದ ಮಗು ಮತ್ತೇನು ಮಾಡುತ್ತಿರಬೇಕಿತ್ತು? ಕಡತ ವಿಲೇವಾರಿಯೇ? ಆ ಮಣ್ಣನ್ನು ಎರಡೂ ಕೈಯಿಂದ ಎಳೆದು ಲಟ್ಟಿಸುವಾಗ ಮುದುಡಿದ ಹೆಬ್ಬೆರಳು ಹೊರಗೆ ಬರುತ್ತದೆ. ಅಕ್ಕಿ ತುಂಬಿದ ತಟ್ಟೆಯಲ್ಲಿ ಅಡಗಿಸಿಟ್ಟ ಗೋಲಿಗಳನ್ನು ಕಣ್ಣು ಮುಚ್ಚಿ ಹುಡುಕುವಾಗ ಆ ಕೈಗೆ ತಾನೂ ಒಂದು ಕೈ ಎಂಬ ನೆನಪಾಗುತ್ತದೆ. ಉಯ್ಯಾಲೆಯ ಹಗ್ಗವನ್ನು ಎರಡೂ ಕಡೆ ಹಿಡಿಯದಿದ್ದರೆ ಬೀಳುತ್ತೇನೆಂದು ದೇಹಕ್ಕೇ ಗೊತ್ತಾಗುತ್ತದೆ. ಕೈ ಆಡಿಸು ಎಂದರೆ ಮಗು ಆಡಿಸುವುದಿಲ್ಲ. ಆಟಕ್ಕೆ ಕೈ ಬೇಕಾದರೆ ಆಡಿಸುತ್ತದೆ. ಇದು ನನಗೆ ಅರ್ಥವಾಗಲು ಎರಡು ತಿಂಗಳು ಹಿಡಿಯಿತು, ತಾವು ಹತ್ತು ನಿಮಿಷ ಮಾತ್ರ ನಿಂತಿದ್ದಿರಿ, ಹಾಗಾಗಿ ಈ ವಿಷಯದಲ್ಲಿ ತಮ್ಮನ್ನು ನಾನು ದೂರುವುದಿಲ್ಲ.

ಟೀಚರು ಮೊದಲ ದಿನವೇ ಒಂದು ಪ್ರಶ್ನೆ ಕೇಳಿದ್ದರು. ನಮ್ಮನ್ನಲ್ಲ, ಚೂಟಿಯನ್ನು.

"ನಿಂಗೆ ಏನು ಮಾಡೋಕೆ ಬರಬೇಕು ಅಂತ ಆಸೆ?"

ನಾನು ಮನಸ್ಸಿನಲ್ಲಿ ಅಂಗಿ ಗುಂಡಿ ಎಂದುಕೊಂಡೆ. ಟೈಲರಿನ ಮಗಳಿಗೆ ಗುಂಡಿ ಹಾಕಿಕೊಳ್ಳಲು ಬರಬೇಡವೇ? ಹೆಂಡತಿ ಬರವಣಿಗೆ ಎಂದುಕೊಂಡಳಂತೆ. ಚೂಟಿ ಒಂದು ಕ್ಷಣವೂ ಯೋಚಿಸಲಿಲ್ಲ.

"ಬಚ್ಚಲಮನೆ ಚಿಲಕ ಹಾಕ್ಕೋಬೇಕು. ನಾನು ಸ್ನಾನ ಮಾಡ್ತಿರುವಾಗ ಅಜ್ಜಿ ಬಂದುಬಿಡ್ತಾರೆ, ಕನ್ನಡಕ ನೋಡಿದ್ಯಾ ಅಂತ."

ಟೀಚರು ನಗಲಿಲ್ಲ. ಅದನ್ನೇ ಗುರಿಯ ಖಾನೆಯಲ್ಲಿ ಬರೆದುಕೊಂಡರು. ತಮ್ಮ ಕಚೇರಿ ಅದನ್ನು "ನೈರ್ಮಲ್ಯ ಸಂಬಂಧಿತ ಸ್ವಾವಲಂಬನೆ" ಎಂದು ತಿದ್ದಿತು. ಚೂಟಿಗೆ ಅದನ್ನು ಓದಿ ಹೇಳಿದಾಗ, "ಅದು ಬೇರೆ ಯಾರದ್ದೋ ಇರಬೇಕು" ಎಂದಳು.

ನಮ್ಮ ಬಚ್ಚಲಮನೆಯ ಬಾಗಿಲು ಸ್ವಲ್ಪ ಜೋತುಬಿದ್ದಿದೆ. ಒಂದು ಕೈಯಲ್ಲಿ ಹಿಡಿಕೆ ಎತ್ತಿ ಹಿಡಿದು, ಇನ್ನೊಂದು ಕೈಯಲ್ಲಿ ಚಿಲಕ ತಳ್ಳಬೇಕು. ಎರಡು ಕೈ ಇರುವವರು ಇದನ್ನು ಯೋಚಿಸದೇ ಮಾಡುತ್ತಾರೆ. ಎಡಗೈ ಮಾತು ಕೇಳದವರಿಗೆ ಅದೊಂದು ಕೋಟೆ ಬಾಗಿಲು. ಬಾಗಿಲನ್ನು ರಿಪೇರಿ ಮಾಡಿಸಿಬಿಡೋಣ ಎಂದು ನಾನು ಹೇಳಿದೆ. "ಅವಳು ಮುಂದೆ ಹೋಗೋ ಕಡೆಯೆಲ್ಲ ಬಾಗಿಲು ರಿಪೇರಿ ಮಾಡಿಸ್ತೀರಾ?" ಎಂದು ಟೀಚರು ಕೇಳಿದರು. ಅವರು ಒಂದು ಹಲಗೆಗೆ ಹಿಡಿಕೆ, ಚಿಲಕ ಎರಡನ್ನೂ ಜೋಡಿಸಿ ಥೆರಪಿ ಕೋಣೆಯಲ್ಲಿಟ್ಟರು. ತೆಳ್ಳಗಿನ ಹಿಡಿಕೆ ಅವಳ ಮುಷ್ಟಿಗೆ ನಿಲ್ಲುವುದಿಲ್ಲವೆಂದು, ಅದಕ್ಕೆ ಹತ್ತಿ ತುಂಬಿದ ದಪ್ಪನೆಯ ಕವಚವನ್ನು ನನ್ನಿಂದ ಹೊಲಿಸಿದರು. ನನ್ನ ವೃತ್ತಿಜೀವನದಲ್ಲಿ ಬಾಗಿಲಿನ ಅಳತೆ ತೆಗೆದು ಅಂಗಿ ಹೊಲಿದದ್ದು ಅದೊಂದೇ ಸಲ.

ಇದರ ಜೊತೆಗೇ ಕೈಗವಸಿನ ಚಿಕಿತ್ಸೆ. ಚೆನ್ನಾಗಿರುವ ಬಲಗೈಗೆ ಬೆರಳೆಲ್ಲ ಒಳಗೇ ಉಳಿಯುವ ಚೀಲದಂಥ ಒಂದು ಗವಸು ತೊಡಿಸಿ ಸುಮ್ಮನೆ ಕೂರಿಸಬೇಕು. ಆಗ ಸೋಮಾರಿ ಎಡಗೈ ಬೇರೆ ದಾರಿಯಿಲ್ಲದೆ ಕೆಲಸಕ್ಕೆ ಬರುತ್ತದೆ. ವಾರದಲ್ಲಿ ಮೂರು ದಿನ, ಬೆಳಿಗ್ಗೆ ಹತ್ತರಿಂದ ಹನ್ನೆರಡು. ಹೀಗೆ ಮೂರು ವಾರ, ಆಮೇಲೆ ಬಿಡುವು, ಬೇಕಾದರೆ ಮತ್ತೆ ಮೂರು ವಾರ. ಚೂಟಿ ಒಪ್ಪಿದಳು, ಒಂದು ಷರತ್ತಿನ ಮೇಲೆ. ಮನೆಯವರೆಲ್ಲರೂ ತೊಡಬೇಕು. ಹನ್ನೆರಡಕ್ಕೆ ಮುಂಚೆ ಬಿಚ್ಚಿದವರು ಇನ್ನೂ ಒಂದು ಗಂಟೆ ಹೆಚ್ಚು ತೊಡಬೇಕು.

ಪ್ಯಾಂಟಿನ ಜೇಬಿಗೆಂದು ತಂದಿದ್ದ ಬಟ್ಟೆಯಲ್ಲಿ ನಾಲ್ಕು ಗವಸು ಹೊಲಿದೆ. ಆ ಮೂರು ವಾರ ನಮ್ಮ ಮನೆ ನಡೆದ ರೀತಿಯನ್ನು ತಾವು ತಪಾಸಣೆ ಮಾಡಬೇಕಿತ್ತು. ನನ್ನ ತಾಯಿ ಎಡಗೈಯಲ್ಲಿ ಉಪ್ಪು ಹಾಕಿದ್ದರಿಂದ ನಾವೆಲ್ಲ ದಿನಕ್ಕೆ ಎರಡು ಚೊಂಬು ನೀರು ಹೆಚ್ಚು ಕುಡಿದೆವು. ಹೆಂಡತಿ ಔಷಧಿ ಅಂಗಡಿಯಲ್ಲಿ ಎಡಗೈಯಿಂದ ಚೀಟಿ ಬರೆದಳು. ಅವಳ ಅಕ್ಷರ ಡಾಕ್ಟರ ಅಕ್ಷರದಂತೆಯೇ ಇದ್ದುದರಿಂದ ಅಲ್ಲಿ ಯಾರೂ ಗಮನಿಸಲಿಲ್ಲ. ನಾನು ಎಡಗೈಯಲ್ಲಿ ಗುಂಡಿಯ ಕಾಜಾ ಹಾಕಿದ ಅಂಗಿಯೊಂದನ್ನು ಗಿರಾಕಿಯೊಬ್ಬರು ತೊಟ್ಟು, ಕನ್ನಡಿಯ ಮುಂದೆ ಅತ್ತಿತ್ತ ತಿರುಗಿ, "ನಾನೇ ಸ್ವಲ್ಪ ಓರೆ ನಿಂತಿದೀನಾ?" ಎಂದು ಕೇಳಿದರು. ನಾನು ಹೌದು ಎಂದೆ. ದೇವರು ಕ್ಷಮಿಸಲಿ.

ಹೀಗೆಲ್ಲ ಮಾಡಿ, ಒಂದು ಬೆಳಿಗ್ಗೆ ಬಚ್ಚಲಮನೆಯೊಳಗಿಂದ ಚಿಲಕ ಬಿದ್ದ ಸದ್ದು ಬಂತು. ನಾವು ಮೂವರೂ ಬಾಗಿಲ ಹೊರಗೆ ಬಂದು ನಿಂತೆವು. ಹೆಂಡತಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ನನ್ನ ತಾಯಿ ಮಾತ್ರ ಎಂದಿನಂತೆ ಬಾಗಿಲು ತಟ್ಟಿ, "ಚೂಟಿ, ನನ್ನ ಕನ್ನಡಕ ಕಂಡ್ಯೇನೇ?" ಎಂದರು. ಒಳಗಿಂದ ಬಹಳ ಗಂಭೀರವಾದ ಧ್ವನಿಯೊಂದು ಹೇಳಿತು:

"ಒಳಗೆ ಜನ ಇದ್ದಾರೆ."

ಮಾನ್ಯರೇ, ನನ್ನ ಮಗಳು ಹುಟ್ಟಿದಾಗಿನಿಂದ ಅವಳನ್ನು ಎತ್ತಿಕೊಂಡು, ತೊಳೆದು, ಉಡಿಸಿ, ತಿನ್ನಿಸಿ ನಾವು ಸಾಕಿದ್ದೇವೆ. ಅವಳು ನಮ್ಮನ್ನು ಹೊರಗಿಟ್ಟದ್ದು ಅದೇ ಮೊದಲು. ನನಗಾದ ಸಂತೋಷಕ್ಕೆ ತಮ್ಮ ನಮೂನೆಯಲ್ಲಿ ಖಾನೆ ಇದೆಯೇ?

ಆದರೆ ಹಾಕಿದ ಚಿಲಕವನ್ನು ತೆಗೆಯಲು ಅವಳಿಗೆ ಬರಲಿಲ್ಲ. ತೆಗೆಯುವಾಗ ಎಡಗೈ ಬಾಗಿಲನ್ನು ಇನ್ನೂ ಹೆಚ್ಚು ಹೊತ್ತು ಎತ್ತಿ ಹಿಡಿಯಬೇಕು, ಆ ಬಲ ಇನ್ನೂ ಬಂದಿರಲಿಲ್ಲ. ನಲವತ್ತು ನಿಮಿಷ ಒಳಗಿದ್ದಳು. ನಾನು ಹೊರಗಿನಿಂದ ಗಾಬರಿಯಾಗಿ ಕೂಗಿದರೆ, "ಅಪ್ಪ, ನೀನು ಸುಮ್ನಿರು, ಟೀಚರ್‌ಗೆ ಫೋನ್ ಮಾಡಿ ಕೇಳು" ಎಂದಳು. ಟೀಚರು ಫೋನಿನಲ್ಲಿ ಹೇಳಿದ್ದನ್ನು ನಾನು ಬಾಗಿಲಿನ ಸಂದಿಯಿಂದ ಕೂಗಿ ಹೇಳಿದೆ. ಎರಡು ಸಲ ಹತ್ತಿರ ಬಂತು, ಜಾರಿತು. ಕೊನೆಗೆ ಅವಳ ಧ್ವನಿ ಸಣ್ಣದಾಯಿತು. ಅವಳನ್ನು ಗೋಡೆಯ ಕಡೆಗೆ ಸರಿದು ನಿಲ್ಲಲು ಹೇಳಿ, ಭುಜ ಕೊಟ್ಟು ಬಾಗಿಲು ನೂಕಿದೆ. ಚಿಲಕ ಸ್ಕ್ರೂ ಸಮೇತ ಕಿತ್ತು ಬಂತು. ತೆಗೆಯಲು ಕಲಿಯುವ ತನಕ ಚಿಲಕ ಹಾಕಿಸುವುದಿಲ್ಲ ಎಂದು ನಾನು ಅವತ್ತೇ ಹೇಳಿದೆ. ಅವಳು ಎರಡು ದಿನ ನನ್ನ ಹತ್ತಿರ ಮಾತಾಡಲಿಲ್ಲ. ಈಗ ಸ್ನಾನಕ್ಕೆ ಹೋದಾಗ, ಒಳಗಿದ್ದೇನೆಂದು ಎಲ್ಲರಿಗೂ ತಿಳಿಯಲೆಂದು ಜೋರಾಗಿ ಮಗ್ಗಿ ಹೇಳುತ್ತಾಳೆ. ಹದಿಮೂರರ ಮಗ್ಗಿಯಲ್ಲಿ ತಪ್ಪಿದರೆ ನನ್ನ ತಾಯಿ ತಿದ್ದಲು ಒಳಗೆ ಹೋಗಿಬಿಡುತ್ತಾರೆ.

ಹಾಕುವುದು ಬಂದಿದೆ, ತೆಗೆಯುವುದು ಬಾಕಿ, ಇನ್ನೊಂದು ಹನ್ನೆರಡು ಅವಧಿ ಸಾಕು ಎಂದು ಟೀಚರು ಶಿಫಾರಸು ಬರೆದರು. ಮತ್ತೆ ಮೂರು ವಾರ ಗವಸು ತೊಡಿಸಲು ಹೇಳಿದರು. ನಮ್ಮ ಗ್ರಹಚಾರ ಶುರುವಾದದ್ದೇ ಅಲ್ಲಿ. ನವೀಕರಣದ ಅರ್ಜಿ ಕೊಡಲು ನಾನು ತಮ್ಮ ಕೇಂದ್ರದ ಮೂರನೇ ಕೌಂಟರಿಗೆ ಹೋದದ್ದು ಬೆಳಿಗ್ಗೆ ಹನ್ನೊಂದೂವರೆಗೆ. ಎದುರಿನ ಕೋಣೆಯಲ್ಲಿ ಚೂಟಿಯ ಅವಧಿ ನಡೆಯುತ್ತಿತ್ತು. ಬಾಗಿಲಿಗೆ ಗಾಜು. ನನ್ನ ಬಲಗೈಯಲ್ಲಿ ಗವಸು. "ಇಲ್ಲಿ ಸಹಿ ಹಾಕಿ" ಎಂದರು ಗುಮಾಸ್ತರು. ಗವಸಿಗೆ ಕೈ ಹಾಕಿದೆ. ಗಾಜಿನಾಚೆಯಿಂದ ಎರಡು ಕಣ್ಣು ನನ್ನನ್ನೇ ನೋಡುತ್ತಿದ್ದವು. ಅವಳ ಬಲಗೈಗೂ ಗವಸು, ಎಡಗೈಯಲ್ಲಿ ಒಂದು ಸ್ಪಂಜು, ನೀರು ಸೋರುತ್ತಿತ್ತು, ಹಿಂಡಲು ಹೆಣಗಾಡುತ್ತಿದ್ದಳು. ಅವಳು ಬಿಚ್ಚದ ಗವಸನ್ನು ನಾನು ಯಾವ ಮುಖ ಇಟ್ಟುಕೊಂಡು ಬಿಚ್ಚಲಿ? ಎಡಗೈಯಲ್ಲೇ ಸಹಿ ಹಾಕಿದೆ. ಅದು ಸಹಿಗಿಂತ ಹೆಚ್ಚಾಗಿ, ಮಸಿಯಲ್ಲಿ ಬಿದ್ದೆದ್ದ ಜಿರಳೆ ನಡೆದುಹೋದಂತಿತ್ತು, ಒಪ್ಪುತ್ತೇನೆ.

ಹತ್ತು ದಿನಕ್ಕೆ ಪತ್ರ ಬಂತು. ಪಾಲಕರ ಸಹಿ ಕಡತದಲ್ಲಿರುವ ಮಾದರಿ ಸಹಿಯೊಂದಿಗೆ ತಾಳೆಯಾಗದ ಕಾರಣ ಅವಧಿಗಳನ್ನು ತಡೆಹಿಡಿಯಲಾಗಿದೆ. ಓಡಿದೆ.

"ಸಾರ್, ಅದು ನಂದೇ ಸಹಿ. ಎಡಗೈಯಲ್ಲಿ ಹಾಕಿದ್ದು."

"ಯಾಕೆ, ಬಲಗೈಗೆ ಏನಾಗಿದೆ?"

"ಏನೂ ಆಗಿಲ್ಲ. ಗವಸು ಹಾಕಿದ್ದೆ."

"ಏನೂ ಆಗದೆ ಯಾಕ್ರೀ ಗವಸು ಹಾಕ್ತೀರಾ?"

"ಮಗಳು ಬಿಚ್ಚೋಕೆ ಬಿಡಲ್ಲ, ಸಾರ್."

ಗುಮಾಸ್ತರು ಪೆನ್ನು ಕೆಳಗಿಟ್ಟರು. ಅವರು ಕೆಟ್ಟವರಲ್ಲ. ಆಮೇಲೆ ಒಂದು ವಿವರಣಾ ನಮೂನೆ ತೆಗೆದರು. ಅದರಲ್ಲಿ ಎರಡೇ ಖಾನೆ. ಒಂದು, ಸಹಿ ನನ್ನದಲ್ಲ. ಇನ್ನೊಂದು, ಸಹಿ ಮಾಡುವ ಕೈ ಬಳಕೆಯಲ್ಲಿಲ್ಲ. ಕೈ ಚೆನ್ನಾಗಿದ್ದೂ, ಬುದ್ಧಿ ನೆಟ್ಟಗಿದ್ದೂ, ಬೇಕೆಂದೇ ಇನ್ನೊಂದು ಕೈಯಲ್ಲಿ ಸಹಿ ಹಾಕುವ ಮನುಷ್ಯನನ್ನು ತಮ್ಮ ಕಚೇರಿ ಊಹಿಸಿಕೊಂಡೇ ಇಲ್ಲ.

"ಎರಡನೇದಕ್ಕೆ ಟಿಕ್ ಹಾಕ್ಬಿಡ್ತೀನಿ, ಕೆಲಸ ಬೇಗ ಆಗತ್ತೆ" ಎಂದರು.

ಬೇಗ ಆಗುತ್ತದೆ ಎಂದರೆ ಯಾರು ಬೇಡ ಅನ್ನುತ್ತಾರೆ? ನಾನೂ ಹೂಂ ಎಂದೆ. ತಪ್ಪು ನನ್ನದು. ಕೆಲಸ ಬೇಗವೇ ಆಯಿತು, ಆದರೆ ಬೇರೆಯವರದು. ಬಲಗೈ ಬಳಕೆಯಲ್ಲಿಲ್ಲದ ಪ್ರಜೆಯೊಬ್ಬ ತಮ್ಮ ಗಮನಕ್ಕೆ ಬಂದ. ತಾವು ಕನಿಕರಪಟ್ಟು ಅವನಿಗೆ ಹನ್ನೆರಡು ಅವಧಿ ಕೊಟ್ಟಿರಿ. ಮಂಗಳವಾರ, ಗುರುವಾರ, ಶನಿವಾರ, ಹನ್ನೊಂದು ಗಂಟೆ. ಅದು ಚೂಟಿಯದೇ ಸಮಯ, ಖಾಲಿಯಾಗಿತ್ತಲ್ಲ. ಮಗಳ ಅರ್ಜಿ ಮಾತ್ರ ಹಾಗೇ ನಿಂತಿತು. ಬಳಕೆಯಲ್ಲಿಲ್ಲದ ಕೈಯ ಮಾದರಿ ಸಹಿಯನ್ನು ಹೊಸದಾಗಿ ದೃಢೀಕರಿಸುವ ತನಕ ಆ ಪಾಲಕನ ಯಾವ ಅರ್ಜಿಯೂ ಚಲಿಸಬಾರದಂತೆ. ನಾನು ಮತ್ತೆ ಓಡಿಹೋಗಿ, ಬಲಗೈಯಲ್ಲಿ ಅವರ ಕಣ್ಣೆದುರೇ ಮುತ್ತಿನಂಥ ಸಹಿ ಹಾಕಿ ತೋರಿಸಿದೆ. "ಇದು ಹೇಗ್ರೀ ಆಗತ್ತೆ, ಆ ಕೈ ಬಳಕೆಯಲ್ಲಿಲ್ಲ ಅಂತ ಕಡತದಲ್ಲಿದೆ" ಎಂದರು.

ನಾನು ಥೆರಪಿಗೆ ಹೋಗದೇ ಇರಬಹುದಿತ್ತು. ಆದರೆ ಆದೇಶದಲ್ಲಿ ಆರನೇ ಷರತ್ತು ಇದೆ: ಫಲಾನುಭವಿ ಗೈರುಹಾಜರಾದಲ್ಲಿ ಅದೇ ಕುಟುಂಬದ ಎಲ್ಲ ಕಡತಗಳನ್ನೂ ಮುಕ್ತಾಯಗೊಳಿಸಲಾಗುವುದು. ಹಾಗಾಗಿ ಅಂಗಡಿ ಮುಚ್ಚಿ ಹೋದೆ. ಸಣ್ಣ ಮಕ್ಕಳ ಕುರ್ಚಿಯಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತೆ. ಟೀಚರು ಹಾಜರಿ ಪುಸ್ತಕ ನೋಡಿದರು, ನನ್ನನ್ನು ನೋಡಿದರು, ಮತ್ತೆ ಪುಸ್ತಕ ನೋಡಿದರು.

"ನಿಮ್ಮ ಗುರಿ ಏನು ಅಂತ ಬರ್ಕೊಬೇಕು" ಎಂದರು.

"ನನ್ನ ಬದಲು ನನ್ನ ಮಗಳನ್ನ ಒಳಗೆ ಕೂರಿಸೋದು."

"ಅದಕ್ಕೆ ನಾನು ಎರಡು ಸಲ ಬರೆದು ಕೇಳಿದೀನಿ. ಫಲಾನುಭವಿ ಬದಲಾಗೋ ಹಾಗಿಲ್ವಂತೆ."

ಕೊನೆಗೆ "ಸಹಿ ಮಾಡುವುದು" ಎಂದು ಬರೆದುಕೊಂಡರು. ನಾನು ಮರದ ಚೌಕಗಳನ್ನು ಒಂದರ ಮೇಲೊಂದು ಎಂಟು ಜೋಡಿಸಿದೆ. ಜೇಡಿಮಣ್ಣು ಲಟ್ಟಿಸಿದೆ. ಅಕ್ಕಿಯೊಳಗಿನ ಗೋಲಿ ಹುಡುಕಿದೆ. ನನಗೂ ಟೀಚರಿಗೂ ನಾಚಿಕೆಯಾಗುತ್ತಿತ್ತು. ಚೂಟಿ ತಾನೂ ಬರುತ್ತೇನೆಂದು ಹಟ ಹಿಡಿದದ್ದರಿಂದ ಜೊತೆಗೆ ಕರೆದುಕೊಂಡು ಹೋಗಿದ್ದೆ. ಅವಳು ಗಾಜಿನ ಬಾಗಿಲಿನ ಹೊರಗೆ ಬೆಂಚಿನ ಮೇಲೆ ಕೂತು, ಬಾಗಿಲ ಸಂದಿಯಿಂದ ನನಗೆ ಹೇಳಿಕೊಡುತ್ತಿದ್ದಳು.

"ಅಪ್ಪ, ಭುಜ ಇಳಿಸು. ಹೆಬ್ಬೆರಳು ಹೊರಗೆ. ಅವಸರ ಮಾಡ್ಬೇಡ, ಬಿದ್ರೆ ಬೀಳ್ಲಿ."

ಎರಡು ವರ್ಷ ತನಗೆ ಹೇಳಿದ್ದನ್ನೆಲ್ಲ ಅವಳು ಒಂದಕ್ಷರ ಬಿಡದೆ ಕಲಿತಿದ್ದಾಳೆ. ಹೀಗೆ ಮೂರು ಅವಧಿ ಮುಗಿಸಿದ್ದೇನೆ. ಟೈಲರಿನ ಕೆಲಸದಲ್ಲಿ ನನಗೆ ಒಂದು ನಿಯಮವಿದೆ: ಬಟ್ಟೆಗೆ ಕತ್ತರಿ ಹಾಕುವ ಮೊದಲು ಎದುರು ನಿಂತಿರುವ ಮನುಷ್ಯನನ್ನು ಒಮ್ಮೆ ನೋಡುತ್ತೇನೆ. ಅಳತೆಯ ಪುಸ್ತಕ ಎಷ್ಟು ಸರಿಯಿದ್ದರೂ ನೋಡುತ್ತೇನೆ, ಯಾಕೆಂದರೆ ಪುಸ್ತಕ ಪ್ಯಾಂಟು ತೊಡುವುದಿಲ್ಲ. ತಮ್ಮ ಕಚೇರಿಯಲ್ಲಿ ಇಷ್ಟೂ ದಿನದಲ್ಲಿ ಯಾರಾದರೂ ಕೌಂಟರಿನಿಂದ ತಲೆಯೆತ್ತಿ, ಆರು ಹೆಜ್ಜೆ ದೂರದ ಬೆಂಚಿನ ಮೇಲೆ ಕೂತ ಹುಡುಗಿಯನ್ನು ನೋಡಿದ್ದರೆ ಯಾವ ಸಹಿಯೂ ಬೇಕಾಗುತ್ತಿರಲಿಲ್ಲ. ನೋಡುವುದಕ್ಕೂ ಮಂಜೂರಾತಿ ಬೇಕೇ?

ಮೊನ್ನೆ ಶನಿವಾರ ನನ್ನ ಪ್ರಗತಿ ವರದಿ ಬಂತು. ತಮ್ಮ ಮೊಹರು ಇದೆ. "ಫಲಾನುಭವಿಯ ಬಲಗೈ ಗಮನಾರ್ಹ ಪ್ರಗತಿ ಸಾಧಿಸಿರುತ್ತದೆ. ಉಳಿದ ಒಂಬತ್ತು ಅವಧಿಗಳನ್ನು ಮುಂದುವರಿಸುವುದು." ಅದನ್ನು ಅಂಗಡಿಯಲ್ಲಿ ಜೋರಾಗಿ ಓದಿದೆ, ಇಬ್ಬರು ಗಿರಾಕಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು, ನಾನೂ ನಕ್ಕೆ. ಚೂಟಿ ನಗಲಿಲ್ಲ. ಹತ್ತಿರ ಬಂದು ನನ್ನ ಬಲಗೈಯನ್ನು ಹಿಡಿದು, ಬೆರಳು ಒಂದೊಂದಾಗಿ ಮಡಚಿ ಬಿಡಿಸಿ ನೋಡಿದಳು. ಟೀಚರು ಅವಳಿಗೆ ಮಾಡುವ ಹಾಗೆಯೇ.

"ಅಪ್ಪ, ನಿನ್ನ ಕೈ ವಾಸಿ ಆಯ್ತಲ್ಲ. ಇನ್ನು ನನ್ನ ಸರದಿ ತಾನೆ?"

ಅಲ್ಲಿಯ ತನಕ ಇದು ಅವಳಿಗೂ ತಮಾಷೆ ಎಂದೇ ನಾನು ತಿಳಿದಿದ್ದೆ. ಸರದಿ ಬರಲೆಂದು ಅವಳು ಕಾಯುತ್ತಿದ್ದಳು. ನನ್ನ ಕೈ ಬೇಗ ವಾಸಿಯಾಗಲೆಂದೇ ಬಾಗಿಲ ಸಂದಿಯಿಂದ ಅಷ್ಟು ಹೇಳಿಕೊಟ್ಟದ್ದು. ನಾನು ಏನೋ ದಾರ ಹುಡುಕುವವನಂತೆ ಮೇಜಿನ ಕೆಳಗೆ ಬಗ್ಗಿದೆ. ಆ ಪ್ರಶ್ನೆಗೆ ಉತ್ತರ ತಮ್ಮ ಬಳಿ ಇದೆ ಮಾನ್ಯರೇ, ಅದಕ್ಕೇ ಈ ಪತ್ರ.

ನನ್ನ ಬೇಡಿಕೆ ಸಣ್ಣದು. ನನ್ನ ಬಲಗೈಯ ಉಳಿದ ಒಂಬತ್ತು ಅವಧಿಗಳನ್ನು ವಾಪಸು ತೆಗೆದುಕೊಳ್ಳಿ. ಮಗಳ ಹನ್ನೆರಡು ಅವಧಿಗಳನ್ನು ತಿಂಗಳ ಕೊನೆಯೊಳಗೆ ಮಂಜೂರು ಮಾಡಿ. ಬೇಕಾದರೆ ಆ ಗುಮಾಸ್ತರ ನಮೂನೆಗೆ ಮೂರನೆಯ ಖಾನೆಯೊಂದನ್ನು ಸೇರಿಸಿ. ಅದೂ ಕಷ್ಟವಾದರೆ, ಮುಂದಿನ ಮಂಗಳವಾರ ಹನ್ನೊಂದು ಗಂಟೆಗೆ ತಾವೇ ಬನ್ನಿ. ನಾನು ಒಳಗಿನ ಸಣ್ಣ ಕುರ್ಚಿಯಲ್ಲಿ ಮಣ್ಣು ಲಟ್ಟಿಸುತ್ತಿರುತ್ತೇನೆ. ಹೊರಗಿನ ಬೆಂಚಿನ ಮೇಲೆ ಅವಳ ಪಕ್ಕ ಒಬ್ಬರು ಕೂರುವಷ್ಟು ಜಾಗವಿದೆ. ಅಲ್ಲಿ ಕೂತುಕೊಂಡು, ಅವಳ ಸರದಿ ಯಾವಾಗ ಎಂಬುದನ್ನು ತಾವೇ ಅವಳಿಗೆ ಹೇಳಿ.

ಇಂತಿ,
ಏನೂ ಆಗದ ಕೈಯಲ್ಲಿ ಗಮನಾರ್ಹ ಪ್ರಗತಿ ಸಾಧಿಸಿ, ಮನೆಯಲ್ಲಿ ಮುಖ ತೋರಿಸಲಾಗದೆ ಕೂತಿರುವ,
ಒಬ್ಬ ಟೈಲರ್
(ಯಾವ ಕೈಯ ಸಹಿ ಬೇಕೆಂದು ತಿಳಿಸಿದರೆ ಅದನ್ನೇ ಹಾಕಿಕೊಡಲಾಗುವುದು)